ಒಮ್ಮೊಮ್ಮೆ ಮಾತ್ರ ಸ್ಟಾರ್ಟ್ ಆಗದ ಹಳೆ ಕಾರು: ದೋಷ ಹಿಡಿಯುವ ಸರಿಯಾದ ಕ್ರಮ

ಮುಂಬಯಿ ಸುತ್ತಲಿನ ಥಾಣೆ, ಡೊಂಬಿವಲಿ, ಮೀರಾ ರೋಡ್ ಕಡೆಯ ನಮ್ಮ ಕನ್ನಡದವರು ಹೇಳುವ ಕಥೆ ಹೆಚ್ಚುಕಮ್ಮಿ ಒಂದೇ. ಹತ್ತು ಹದಿನೈದು ವರ್ಷದ ಕಾರು. ನಾಲ್ಕು ದಿನ ಸರಿಯಾಗಿ ಸ್ಟಾರ್ಟ್ ಆಗುತ್ತದೆ, ಐದನೇ ದಿನ ಕೈಕೊಡುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಒಂದೇ ಕೀಗೆ ಎದ್ದು ಕೂರುತ್ತದೆ. ಮೆಕ್ಯಾನಿಕ್ ಅಂದಾಜಿನ ಮೇಲೆ ಬ್ಯಾಟರಿ ಬದಲಿಸುತ್ತಾನೆ, ಮುಂದಿನ ತಿಂಗಳು ಸೆಲ್ಫ್ ಮೋಟರ್ (ಕೀ ತಿರುಗಿಸಿದಾಗ ಇಂಜಿನ್ನನ್ನು ತಿರುಗಿಸುವ ಮೋಟರ್), ಅದರ ಮುಂದಿನ ತಿಂಗಳು ಪೆಟ್ರೋಲ್ ಪಂಪ್ (ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್). ದುಡ್ಡು ಹೋಗುತ್ತದೆ, ದೋಷ ಅಲ್ಲೇ ಇರುತ್ತದೆ. ಚೌತಿಗೆ ಊರಿಗೆ ಹೊರಟ ದಿನ ಮುಂಬಯಿ-ಗೋವಾ ಹೆದ್ದಾರಿಯ ಕಶೇಡಿ ಘಾಟಿನ ಹತ್ತಿರ ಚಹಾಕ್ಕೆಂದು ನಿಲ್ಲಿಸಿದ ಕಾರು ಮತ್ತೆ ಏಳುವುದಿಲ್ಲ.

ಇಂಥ ದೋಷವನ್ನು ಅದು ಇರುವಾಗಲೇ ಹಿಡಿಯಬೇಕು. ಕಾರು ಸರಿಯಾಗಿರುವಾಗ ಅಳೆದರೆ ಎಲ್ಲ ಅಳತೆಯೂ ಸರಿಯಾಗೇ ಬರುತ್ತದೆ. ಕಾರು ಏಳದಿದ್ದಾಗ ನಾವು ಮಾಡುವುದೇನು? ಬಾನೆಟ್ ತೆಗೆದು ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸುತ್ತೇವೆ, ನಾಲ್ಕು ಜನರನ್ನು ಕರೆದು ತಳ್ಳಿಸುತ್ತೇವೆ. ಕಾರು ಸ್ಟಾರ್ಟ್ ಆಗುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ. ಕೆಳಗಿನ ಹಂತಗಳನ್ನು ಹಾಕಿರುವುದು ಆ ಮೊದಲ ಎರಡು ನಿಮಿಷಕ್ಕೆ ತಯಾರಾಗಿರಲಿ ಎಂದು. ಕ್ರಮ ತಪ್ಪಿಸಬೇಡಿ.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್ (ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ), 10 ಮತ್ತು 12 ನಂಬರ್ ಸ್ಪ್ಯಾನರ್, ಮರಳು ಕಾಗದ, ಹಳೆ ಟೂತ್ ಬ್ರಷ್, ಅಡುಗೆ ಸೋಡಾ, ವ್ಯಾಸಲೀನ್, ದಪ್ಪ ತಾಮ್ರದ ಜಂಪರ್ ಕೇಬಲ್, ಟಾರ್ಚ್. ಇದರ ಜೊತೆಗೆ ಮೂರು ನಾಲ್ಕು ಮೀಟರ್ ಸಣ್ಣ ವೈರ್, ಹೋಲ್ಡರ್ ಸಮೇತ 12 ವೋಲ್ಟಿನ 5 ವಾಟ್ ಪಾರ್ಕಿಂಗ್ ಬಲ್ಬ್, ಒಂದು ಇನ್‌ಲೈನ್ ಫ್ಯೂಸ್ ಹೋಲ್ಡರ್ ಮತ್ತು 5 ಆಂಪಿಯರ್ ಫ್ಯೂಸ್. ಈ ಬಲ್ಬಿನ ಕೆಲಸ ನಾಲ್ಕನೇ ಹಂತದಲ್ಲಿ.

ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಮೇಲೆ. ಕೈಯ ಉಂಗುರ, ಲೋಹದ ವಾಚು ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಪೆಟ್ರೋಲ್ ಅಥವಾ ಗ್ಯಾಸಿನ ವಾಸನೆ ಬಂದರೆ ಯಾವ ಪರೀಕ್ಷೆಯೂ ಬೇಡ, ಕೀ ತಿರುಗಿಸುವುದೂ ಬೇಡ. ಮಳೆಗಾಲದಲ್ಲಿ ನಿಂತ ನೀರು ಇಂಜಿನ್ನಿನ ಮಟ್ಟಕ್ಕೆ ಬಂದಿದ್ದರೂ ಅಷ್ಟೇ. ಸಿಲಿಂಡರಿನೊಳಗೆ ನೀರು ಹೊಕ್ಕಿರುವಾಗ ಸೆಲ್ಫ್ ಹೊಡೆದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆ ಕಾರನ್ನು ಟೋ ಮಾಡಿಸಿ.

ಹಂತ 1: ಮೊದಲು ಬರೆದಿಡಿ

ಗಾಡಿ ಕೈಕೊಟ್ಟಾಗಲೆಲ್ಲ ಫೋನಿನಲ್ಲಿ ಇಷ್ಟು ಬರೆಯಿರಿ: ಇಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಎಷ್ಟು ಹೊತ್ತು ನಿಂತಿತ್ತು, ಮಳೆ ಇತ್ತೇ, ಪೆಟ್ರೋಲ್ ಮುಳ್ಳು ಎಲ್ಲಿತ್ತು, ಕೊನೆಗೆ ಏನು ಮಾಡಿದಾಗ ಸ್ಟಾರ್ಟ್ ಆಯಿತು. ಎಲ್ಲಕ್ಕಿಂತ ಮುಖ್ಯ, ಕೀ ತಿರುಗಿಸಿದಾಗ ಯಾವ ಸದ್ದು ಬಂತು.

ಸದ್ದೇ ಇಲ್ಲದ ಮೌನ, ಒಂದೇ ಒಂದು ‘ಟಕ್’, ಸಾಲಾಗಿ ‘ಟಕಟಕಟಕ’, ಎಳೆದೆಳೆದು ನಿಧಾನಕ್ಕೆ ತಿರುಗುವುದು, ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿರುವುದು, ಹೊತ್ತಿಕೊಂಡು ಎರಡೇ ಸೆಕೆಂಡಿಗೆ ಆರಿಹೋಗುವುದು. ಇವು ಆರು ಬೇರೆ ಬೇರೆ ಕಾಯಿಲೆ. ಎಲ್ಲವನ್ನೂ ‘ಸ್ಟಾರ್ಟಿಂಗ್ ಪ್ರಾಬ್ಲಂ’ ಎಂದು ಒಂದೇ ಚೀಲಕ್ಕೆ ಹಾಕಿದರೆ ಮೆಕ್ಯಾನಿಕ್‌ಗೂ ದಾರಿ ತಪ್ಪುತ್ತದೆ. ಸಾಧ್ಯವಾದರೆ ಫೋನಿನಲ್ಲಿ ಡ್ಯಾಶ್‌ಬೋರ್ಡ್ ಕಾಣುವಂತೆ ಸದ್ದು ಸಮೇತ ವಿಡಿಯೋ ಮಾಡಿ.

ಕಾರು ಏಳದಿದ್ದ ಆ ಗಳಿಗೆಯಲ್ಲೇ ಒಂದು ಪರೀಕ್ಷೆ ಮಾಡಬಹುದು, ಅದಕ್ಕೆ ಯಾವ ಸಾಮಾನೂ ಬೇಡ. ಹೆಡ್‌ಲೈಟ್ ಹಾಕಿ, ಎದುರಿನ ಗೋಡೆಯ ಮೇಲೆ ಬೆಳಕು ಬೀಳುವಂತಿದ್ದರೆ ಒಳ್ಳೆಯದು, ಕೀ ತಿರುಗಿಸಿ. ಬೆಳಕು ಪೂರ್ತಿ ಸತ್ತುಹೋದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ದೋಷ. ಬೆಳಕು ಸ್ವಲ್ಪವೂ ಕುಗ್ಗದೆ, ಸದ್ದೂ ಇಲ್ಲದಿದ್ದರೆ ಸೆಲ್ಫ್‌ಗೆ ಆಜ್ಞೆಯೇ ಹೋಗುತ್ತಿಲ್ಲ, ಅಥವಾ ಹೋದರೂ ಸೆಲ್ಫ್ ಕರೆಂಟ್ ಎಳೆಯುತ್ತಿಲ್ಲ. ಬೆಳಕು ಕುಗ್ಗದಿದ್ದಾಗ ಹೊಸ ಬ್ಯಾಟರಿ ಕೊಳ್ಳುವುದು ಶುದ್ಧ ವ್ಯರ್ಥ.

ಹಂತ 2: ಬ್ಯಾಟರಿಯ ಮೂರು ಅಳತೆ

ಮುಂಬಯಿಯಲ್ಲಿ ವಾರವಿಡೀ ಲೋಕಲ್ ರೈಲು, ಭಾನುವಾರಕ್ಕೊಂದು ಸಲ ಕಾರು, ಅದೂ ಮಾರ್ಕೆಟ್ಟಿಗೋ ದೇವಸ್ಥಾನಕ್ಕೋ ಎರಡು ಮೂರು ಕಿಲೋಮೀಟರ್. ಸ್ಟಾರ್ಟ್ ಮಾಡಲು ಬ್ಯಾಟರಿ ಕೊಟ್ಟದ್ದು ಅಷ್ಟರಲ್ಲಿ ಅದಕ್ಕೆ ಪೂರ್ತಿ ವಾಪಸ್ ಬರುವುದಿಲ್ಲ. ಎಸಿ, ವೈಪರ್, ಲೈಟು ಎಲ್ಲ ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ತೆವಳಿದರಂತೂ ಇನ್ನೂ ಕಡಿಮೆ. ಆದ್ದರಿಂದ ಬ್ಯಾಟರಿ ಹೊಸದೆಂಬ ಮಾತನ್ನೇ ನಂಬಿ ಮುಂದೆ ಹೋಗಬೇಡಿ, ಅಳೆಯಿರಿ.

ಮೊದಲ ಅಳತೆ ಬೆಳಿಗ್ಗೆ, ಕಾರು ರಾತ್ರಿಯೆಲ್ಲ ನಿಂತ ಮೇಲೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಬ್ಯಾಟರಿಯ ಪ್ಲಸ್, ಮೈನಸ್ ಕಂಬಗಳಿಗೆ ಹಿಡಿಯಿರಿ. 12.6 ಬಂದರೆ ತುಂಬಿದೆ, 12.4 ಪರವಾಗಿಲ್ಲ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಬಂದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಉಳಿದ ಮಾತು.

ಎರಡನೇ ಅಳತೆ ಸೆಲ್ಫ್ ಹೊಡೆಯುವಾಗ. ಒಬ್ಬರು ಕೀ ತಿರುಗಿಸಲಿ, ಒಬ್ಬರು ಮೀಟರ್ ನೋಡಲಿ. ತುಂಬಿದ ಬ್ಯಾಟರಿಯೇ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಅದು ಮುಗಿದಿದೆ. ಇಲ್ಲವೇ ಸೆಲ್ಫ್ ಒಳಗೆ ಕಚ್ಚಿಕೊಂಡು ವಿಪರೀತ ಕರೆಂಟ್ ಎಳೆಯುತ್ತಿದೆ. ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಮೂರನೇ ಅಳತೆ ಇಂಜಿನ್ ಓಡುತ್ತಿರುವಾಗ: 13.8ರಿಂದ 14.5ರ ಒಳಗೆ ಇರಬೇಕು. 13ರ ಆಸುಪಾಸಿನಲ್ಲೇ ಉಳಿದರೆ ಆಲ್ಟರ್ನೇಟರ್ (ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ) ಅಥವಾ ಅದರ ಬೆಲ್ಟ್ ನೋಡಿಸಿ, 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ.

ಮೂರೂ ಸರಿ, ಆದರೆ ನಾಲ್ಕು ದಿನ ನಿಲ್ಲಿಸಿದರೆ ಸತ್ತುಹೋಗುತ್ತದೆ ಎನ್ನುವವರು ಕರೆಂಟ್ ಸೋರಿಕೆ ನೋಡಬೇಕು. ಎಲ್ಲ ಬಂದ್ ಮಾಡಿ, ಕೀ ತೆಗೆದು, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ರಂಧ್ರಕ್ಕೆ ಹಾಕಿ, ಕೇಬಲ್ ಮತ್ತು ಕಂಬದ ನಡುವೆ ಸೇರಿಸಿ. ಅರ್ಧ ಗಂಟೆ ಕಾಯಿರಿ, ಒಳಗಿನ ಇಲೆಕ್ಟ್ರಾನಿಕ್ ಯೂನಿಟ್‌ಗಳು ಮಲಗಲು ಸಮಯ ಬೇಕು. 50 ಮಿಲಿಆಂಪಿಯರಿಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 200 ಇದ್ದರೆ ಲೆಕ್ಕ ನೋಡಿ: ದಿನಕ್ಕೆ 4.8 ಎಎಚ್ (ಆಂಪಿಯರ್-ಅವರ್), ಐದು ದಿನಕ್ಕೆ 24. ಸಣ್ಣ ಕಾರಿನ ಬ್ಯಾಟರಿ ಇರುವುದೇ 35 ಎಎಚ್. ಒಂದೊಂದೇ ಫ್ಯೂಸ್ ಎಳೆಯುತ್ತಾ ಹೋಗಿ, ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ಆ ಲೈನು. ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಸೆಂಟ್ರಲ್ ಲಾಕ್, ಜಿಪಿಎಸ್ ಟ್ರ್ಯಾಕರ್, ಡಿಕ್ಕಿಯ ದೀಪಗಳನ್ನೇ ಮೊದಲು ಸಂಶಯಿಸಿ. ಮೀಟರ್ ಹೀಗೆ ಜೋಡಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸೋ ಮೀಟರೋ ಆ ಕ್ಷಣವೇ ಸುಟ್ಟುಹೋಗುತ್ತದೆ.

ಹಂತ 3: ಟರ್ಮಿನಲ್, ಕೇಬಲ್, ಅರ್ಥಿಂಗ್

ನನ್ನ ಅಭಿಪ್ರಾಯದಲ್ಲಿ ಕರಾವಳಿ ಊರುಗಳ ಹಳೆ ಕಾರಿಗೆ ಇದೇ ಅತಿ ಮುಖ್ಯ ಹಂತ, ಜನ ಅತಿ ಹೆಚ್ಚು ಹಾರಿಸುವ ಹಂತವೂ ಇದೇ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ತಾಮ್ರ ಹಸಿರಾಗುತ್ತದೆ, ಅದೂ ಪ್ಲಾಸ್ಟಿಕ್ ಹೊದಿಕೆಯ ಒಳಗೆ, ಕಣ್ಣಿಗೆ ಕಾಣದ ಕಡೆ. ಓವರ್‌ಹೆಡ್ ಟ್ಯಾಂಕ್ ತುಂಬಿದ್ದರೂ ಪೈಪು ತುಕ್ಕು ಹಿಡಿದಿದ್ದರೆ ನಲ್ಲಿಯಲ್ಲಿ ನೀರು ಸಣ್ಣಗೆ ಬರುವಂತೆ, ಬ್ಯಾಟರಿ ತುಂಬಿದ್ದರೂ ಸೆಲ್ಫ್‌ಗೆ ಬೇಕಾದ ನೂರಾರು ಆಂಪಿಯರ್ ತಲುಪುವುದಿಲ್ಲ. ಲೈಟು, ಹಾರ್ನ್‌ಗೆ ಬೇಕಾಗುವುದು ಕೆಲವೇ ಆಂಪಿಯರ್, ಹಾಗಾಗಿ ಅವು ಸರಿಯಾಗೇ ನಡೆಯುತ್ತವೆ. ‘ಹಾರ್ನ್ ಜೋರಾಗಿದೆ, ಬ್ಯಾಟರಿ ಲೈನ್ ಸರಿ ಇದೆ’ ಎನ್ನುವ ತೀರ್ಮಾನ ಇಲ್ಲೇ ದಾರಿ ತಪ್ಪಿಸುತ್ತದೆ.

ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದನ್ನು ಅದೇ ಕಂಬವನ್ನು ಹಿಡಿದಿರುವ ಕ್ಲಾಂಪಿನ ಮೇಲೆ ಇಡಿ. ಸೆಲ್ಫ್ ಹೊಡೆಸಿ. ಎರಡೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅಂಕಿ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಆ ಬೆರಳಗಲದ ಜಾಗದಲ್ಲೇ ಕರೆಂಟ್ ಸಿಕ್ಕಿಹಾಕಿಕೊಂಡಿದೆ. ಕ್ಲಾಂಪ್ ಬಿಚ್ಚಿ ನೋಡಿ, ಒಳಮೈ ಬೂದು-ಕಪ್ಪಾಗಿ ಪುಡಿಪುಡಿಯಾಗಿರುತ್ತದೆ. ಬಿಳಿ-ಹಸಿರು ಹೂವು ಕಟ್ಟಿದ್ದರೆ ಸೋಡಾ ನೀರು ಹಾಕಿ ಉಜ್ಜಿ, ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಿರಲಿ. ಒಣಗಿಸಿ, ಮರಳು ಕಾಗದದಿಂದ ಹೊಳಪು ಬರಿಸಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ವ್ಯಾಸಲೀನ್ ಸವರಿ. ಸವರಿ ಆಮೇಲೆ ಕೂರಿಸುವುದು ತಪ್ಪು ಕ್ರಮ.

ಈಗ ಇದೇ ಅಳತೆಯನ್ನು ಉದ್ದಕ್ಕೆ ಮಾಡಿ. ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೆ, ಸೆಲ್ಫ್ ಹೊಡೆಯುತ್ತಿರುವಾಗ 0.5 ವೋಲ್ಟ್ ದಾಟಬಾರದು. ಮೈನಸ್ ಕಂಬದಿಂದ ಇಂಜಿನ್ನಿನ ಬರಿ ಲೋಹದವರೆಗೆ 0.2 ದಾಟಬಾರದು. ಇಂಜಿನ್ ಸ್ಟಾರ್ಟ್ ಆಗಿಬಿಡದಂತೆ ಪಂಪಿನ ಫ್ಯೂಸ್ ತೆಗೆದಿಟ್ಟುಕೊಳ್ಳಿ, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ.

ಮೈನಸ್ ಕಡೆ ಅಂಕಿ ಹೆಚ್ಚು ಬಂದರೆ ಇಂಜಿನ್ನಿನಿಂದ ಕಾರಿನ ಬಾಡಿಯ ಲೋಹಕ್ಕೆ ಹೋಗುವ ಅರ್ಥ್ ಪಟ್ಟಿ ನೋಡಿ. ಜಡೆಯಂತೆ ಹೆಣೆದ ತಾಮ್ರದ ಪಟ್ಟಿ, ಕೆಳಗೆ ಗೇರ್‌ಬಾಕ್ಸಿನ ಹತ್ತಿರ ಇರುತ್ತದೆ. ರಸ್ತೆಯಲ್ಲೇ ಕಾರು ನಿಂತಾಗ ಇದಕ್ಕೊಂದು ಚುಟುಕು ಪರೀಕ್ಷೆ: ಜಂಪರ್ ಕೇಬಲಿನ ಒಂದು ತುದಿಯನ್ನು ಇಂಜಿನ್ನಿನ ದಪ್ಪ ಲೋಹಕ್ಕೆ, ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೆ ಹಾಕಿ ಕೀ ತಿರುಗಿಸಿ. ತಕ್ಷಣ ಎದ್ದರೆ ಅಪರಾಧಿ ಅರ್ಥಿಂಗ್. ಹೊಸ ಪಟ್ಟಿಗೆ ಆಗುವ ಖರ್ಚು ಸೆಲ್ಫ್ ಮೋಟರಿನ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಹಂತ 4: ದೋಷವನ್ನು ಕಾಯುವ ಬಲ್ಬ್

ಇಲ್ಲಿಯವರೆಗೆ ಏನೂ ಸಿಗದಿದ್ದರೆ, ಮತ್ತು ಲಕ್ಷಣ ‘ಮೌನ’ ಅಥವಾ ‘ಒಂದೇ ಟಕ್’ ಆಗಿದ್ದರೆ, ಕಾರಿಗೆ ಒಬ್ಬ ಕಾವಲುಗಾರನನ್ನು ಇಡಬೇಕು.

ಸೆಲ್ಫ್ ಮೋಟರಿನ ಮೇಲೆ ದಪ್ಪ ಕೇಬಲ್ ಅಲ್ಲದೆ ಒಂದು ಸಣ್ಣ ವೈರೂ ಬರುತ್ತದೆ. ಕೀಯನ್ನು ಸ್ಟಾರ್ಟ್‌ಗೆ ತಿರುಗಿಸಿದಾಗ ಮಾತ್ರ ಅದರಲ್ಲಿ 12 ವೋಲ್ಟ್ ಬರುತ್ತದೆ, ಅದೇ ಸೆಲ್ಫ್‌ಗೆ ಸಿಗುವ ಆಜ್ಞೆ. ಬ್ಯಾಟರಿಯ ಮೈನಸ್ ಬಿಚ್ಚಿ, ಈ ಸಣ್ಣ ವೈರಿಗೆ ನಿಮ್ಮ ವೈರನ್ನು ಜೋಡಿಸಿ. ಜೋಡಿಸಿದ ಜಾಗದ ಹತ್ತಿರವೇ ಫ್ಯೂಸ್ ಬರಲಿ. ಸೈಲೆನ್ಸರ್ ಪೈಪು, ಫ್ಯಾನು, ಬೆಲ್ಟ್ ಮುಟ್ಟದಂತೆ ಟೈ ಹಾಕಿ ಕಟ್ಟುತ್ತಾ ವೈರನ್ನು ಒಳಗೆ ತಂದು ಬಲ್ಬಿಗೆ ಕೊಡಿ, ಬಲ್ಬಿನ ಇನ್ನೊಂದು ತುದಿ ಬಾಡಿಯ ಲೋಹಕ್ಕೆ. ಎಲ್‌ಇಡಿ ಹಾಕಬೇಡಿ. ಅದು ಸಣ್ಣ ಕರೆಂಟಿಗೂ ಝಗ್ಗೆಂದು ಹೊಳೆದು ದುರ್ಬಲ ಸಂಪರ್ಕವನ್ನು ಮುಚ್ಚಿಹಾಕುತ್ತದೆ. ಸೆಲ್ಫ್ ಕೈಗೆಟುಕದ ಜಾಗದಲ್ಲಿದ್ದರೆ ಆಟೋ ಇಲೆಕ್ಟ್ರಿಷಿಯನ್ ಹತ್ತಿರ ಇದಿಷ್ಟೇ ಕೆಲಸ ಮಾಡಿಸಿ.

ಇನ್ನು ಮಾಮೂಲಿನಂತೆ ಕಾರು ಓಡಿಸಿ. ಕೈಕೊಟ್ಟ ದಿನ ಬಲ್ಬ್ ನೋಡಿ. ಬಲ್ಬ್ ಪೂರ್ತಿ ಹೊತ್ತಿದೆ, ಆದರೂ ಇಂಜಿನ್ ತಿರುಗಿಲ್ಲ ಎಂದರೆ ಆಜ್ಞೆ ತಲುಪಿದೆ, ದೋಷ ಸೆಲ್ಫ್‌ನಲ್ಲಿ ಅಥವಾ ದಪ್ಪ ಕೇಬಲಿನಲ್ಲಿ: ಹಂತ 6. ಬಲ್ಬ್ ಹೊತ್ತೇ ಇಲ್ಲ, ಅಥವಾ ಮಂಕಾಗಿದೆ ಎಂದರೆ ಹಂತ 5. ತಿಂಗಳುಗಟ್ಟಲೆ ಅಂದಾಜಿನಲ್ಲಿ ಸುತ್ತಿದ್ದು ಒಂದೇ ನೋಟಕ್ಕೆ ಇತ್ಯರ್ಥವಾಗುತ್ತದೆ.

ಹಂತ 5: ಕೀ, ರಿಲೇ, ಕ್ಲಚ್ ಸ್ವಿಚ್

ಕೀಯನ್ನು ಸ್ಟಾರ್ಟ್ ಸ್ಥಾನದಲ್ಲಿ ಹಿಡಿದು ಸ್ವಲ್ಪ ಆಚೀಚೆ ಒತ್ತಿ. ಒಂದು ಕೋನದಲ್ಲಿ ಮಾತ್ರ ಸೆಲ್ಫ್ ತಗೊಂಡರೆ ಇಗ್ನಿಷನ್ ಸ್ವಿಚ್ ಸವೆದಿದೆ. ಮನೆಯ ಎಲ್ಲ ಕೀಗಳನ್ನೂ ಒಂದೇ ಗೊಂಚಲಿಗೆ ಹಾಕಿ ನೇತಾಡಿಸುವುದು ಈ ಸವೆತಕ್ಕೆ ನೆರವಾಗುತ್ತದೆ.

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಫ್ಯೂಸ್ ಬಾಕ್ಸಿನಲ್ಲಿ ಸ್ಟಾರ್ಟರ್ ರಿಲೇಗೂ ಹಾರ್ನ್ ರಿಲೇಗೂ ಮೇಲೆ ಒಂದೇ ನಂಬರ್ ಇದ್ದರೆ ಅದಲುಬದಲು ಮಾಡಿ. ದೋಷ ಹಾರ್ನಿಗೆ ವರ್ಗವಾದರೆ ಉತ್ತರ ಸಿಕ್ಕಿತು. ಹಾಗೇ ರಿಲೇ ಕೂರುವ ಹಳ್ಳಗಳನ್ನೂ ಟಾರ್ಚ್ ಹಾಕಿ ನೋಡಿ, ಕೆಳಗಿಂದ ಹಸಿರು ಏರಿರುತ್ತದೆ. ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಗಾಡಿಯಾದರೆ ಪೆಡಲಿನ ಮೇಲಿನ ಸ್ವಿಚ್ಚು, ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿ ಏಳದಾಗ ನ್ಯೂಟ್ರಲ್‌ನಲ್ಲಿ ಪ್ರಯತ್ನ. ಬಿಲ್ಡಿಂಗ್ ಕಂಪೌಂಡಿನಲ್ಲಿ ನಿಲ್ಲುವ ಕಾರಿಗೆ ಇಲಿಯ ಕಾಟವೂ ಇರುತ್ತದೆ. ವೈರಿನ ಹೊದಿಕೆಯ ಮೇಲೆ ಹಲ್ಲಿನ ಗುರುತು, ಬ್ಯಾಟರಿ ತಟ್ಟೆಯ ಕೆಳಗೆ ಹಿಕ್ಕೆ ಕಂಡರೆ ಆ ಕಟ್ಟನ್ನು ಪೂರ್ತಿ ಬಿಚ್ಚಿ ನೋಡಿಸಿ. ಅರ್ಧ ಕಡಿದ ವೈರು ಒಣಗಿದ್ದಾಗ ಕೆಲಸ ಮಾಡುತ್ತದೆ, ಒದ್ದೆಯಾದಾಗ ಬಿಡುತ್ತದೆ.

ಹಂತ 6: ಸೆಲ್ಫ್ ಮೋಟರ್

ಬಿಸಿ ಇಂಜಿನ್ನಿಗೆ ‘ಟಕ್’ ಎಂದು ಸುಮ್ಮನಾಗಿ, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ತಿರುಗುವುದು ಸವೆದ ಸೆಲ್ಫ್‌ನ ಲಕ್ಷಣ. ಘೋಡಬಂದರ್ ರೋಡಿನ ಜಾಮ್‌ನಲ್ಲಿ ಒಂದು ಗಂಟೆ ತೆವಳಿ ಬಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಸೈಲೆನ್ಸರಿನ ಕಾವೆಲ್ಲ ಅದಕ್ಕೇ ಬಡಿಯುತ್ತದೆ. ಒಬ್ಬರು ಕೀ ಹಿಡಿದಿರುವಾಗ ಇನ್ನೊಬ್ಬರು ಸ್ಪ್ಯಾನರಿನ ಹಿಡಿಯಿಂದ ಮೋಟರಿನ ಮೈಗೆ ಮೆಲ್ಲಗೆ ತಟ್ಟಿ ನೋಡಬಹುದು, ಗೇರ್ ನ್ಯೂಟ್ರಲ್ ಎಂದು ಎರಡು ಸಲ ಖಚಿತ ಮಾಡಿಕೊಂಡ ಮೇಲೆ. ಜೋರಾಗಿ ಹೊಡೆದರೆ ಒಳಗಿನ ಅಯಸ್ಕಾಂತ ಸೀಳುತ್ತದೆ. ತಟ್ಟಿದಾಗ ಎದ್ದರೆ ಕಾರ್ಬನ್ ಬ್ರಷ್ ಅಥವಾ ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಸಂಪರ್ಕ ಸವೆದಿದೆ. ಒಳ್ಳೆಯ ಇಲೆಕ್ಟ್ರಿಷಿಯನ್ ಸಿಕ್ಕರೆ ಬ್ರಷ್, ಬುಷ್, ಸೊಲೆನಾಯ್ಡ್ ಬದಲಿಸಿದರೆ ಸಾಕು, ಇಡೀ ಮೋಟರ್ ಬೇಡ. ಕುರ್ಲಾದ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಇನ್ನೊಂದು ಕಾರಿನ ಸೆಲ್ಫ್ ಕೂಡ ಅಷ್ಟೇ ಹಳೆಯದಾಗಿರಬಹುದು ಎಂಬುದು ನೆನಪಿರಲಿ.

‘ಝುಂಯ್’ ಎಂದು ಮೋಟರ್ ಮಾತ್ರ ತಿರುಗಿ ಇಂಜಿನ್ ತಿರುಗದಿದ್ದರೆ ದೋಷ ಬೆಂಡಿಕ್ಸಿನಲ್ಲಿ, ಅಂದರೆ ಮೋಟರನ್ನು ಇಂಜಿನ್ನಿಗೆ ಜೋಡಿಸುವ ಗೇರಿನಲ್ಲಿ. ಕರಕರ ಸದ್ದು ಬಂದು, ಇಗ್ನಿಷನ್ ಬಂದ್ ಮಾಡಿ ಗೇರಿನಲ್ಲಿಟ್ಟು ಕಾರನ್ನು ಒಂದಡಿ ಜರುಗಿಸಿದ ಮೇಲೆ ಏಳುವುದಾದರೆ ಫ್ಲೈವೀಲಿನ (ಸೆಲ್ಫ್ ಕಚ್ಚಿ ತಿರುಗಿಸುವ ಇಂಜಿನ್ನಿನ ಚಕ್ರದ) ಹಲ್ಲು ಸವೆದಿದೆ.

ತಳ್ಳಿ ಸ್ಟಾರ್ಟ್ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗುತ್ತದೆ, ಹಳೆ ಟೈಮಿಂಗ್ ಬೆಲ್ಟ್ ಹಲ್ಲು ಜಾರುವ ಭಯವೂ ಇದೆ.

ಹಂತ 7: ಚೆನ್ನಾಗಿ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ

ಈ ಲಕ್ಷಣ ಇರುವವರು ಬ್ಯಾಟರಿ ಮತ್ತು ಸೆಲ್ಫ್ ಎರಡನ್ನೂ ಮರೆತುಬಿಡಿ. ಕಾರು ಏಳದಿರುವಾಗಲೇ ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಿ.

ಮೊದಲು ಡ್ಯಾಶ್‌ಬೋರ್ಡಿನ ಕೀ ಚಿತ್ರದ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಕೀ ಲಾಕ್) ದೀಪ. ಮಿಟುಕುತ್ತಲೇ ಇದ್ದರೆ ಇನ್ನೊಂದು ಕೀ ತಂದು ಪ್ರಯತ್ನಿಸಿ. ಇಂಜಿನ್ ಹೊತ್ತಿಕೊಂಡು ಎರಡು ಸೆಕೆಂಡಿಗೆ ಆರುವುದೂ ಹಲವು ಗಾಡಿಗಳಲ್ಲಿ ಇದರದ್ದೇ ಕೆಲಸ.

ಎರಡನೆಯದು ಆರ್‌ಪಿಎಂ ಮುಳ್ಳು. ಇಂಜಿನ್ ತಿರುಗುತ್ತಿರುವಾಗ ಹಲವು ಕಾರುಗಳಲ್ಲಿ ಅದು ಕೊಂಚವಾದರೂ ಮೇಲೇಳುತ್ತದೆ. ಸರಿಯಾಗಿರುವ ದಿನ ನಿಮ್ಮ ಕಾರಿನಲ್ಲಿ ಹೇಗೆಂದು ನೋಡಿಟ್ಟುಕೊಳ್ಳಿ. ಕೈಕೊಟ್ಟ ದಿನ ಸೊನ್ನೆಯಲ್ಲೇ ಸತ್ತು ಮಲಗಿದ್ದರೆ ಇಂಜಿನ್ ತಿರುಗುತ್ತಿದೆಯೆಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಸಂಶಯ. ಬಿಸಿಯಲ್ಲಿ ಕೈಕೊಟ್ಟು ತಣ್ಣಗಾದ ಮೇಲೆ ಏಳುವುದು ಅದರ ಹಳೆ ಚಾಳಿ. ಕೀ ತೆಗೆದು, ಸೆನ್ಸರ್ ಮೇಲೆ ಒದ್ದೆ ಬಟ್ಟೆ ಐದು ನಿಮಿಷ ಇಟ್ಟಾಗ ಎದ್ದರೆ ಸಂಶಯ ಗಟ್ಟಿ. ಕೀ ಇಲ್ಲದಿದ್ದರೂ ರೇಡಿಯೇಟರ್ ಫ್ಯಾನ್ ತಟ್ಟನೆ ತಿರುಗಬಹುದು, ಕೈ ದೂರವಿರಲಿ. ಸೆನ್ಸರನ್ನು ಮಾತ್ರ ಸೆಕೆಂಡ್ ಹ್ಯಾಂಡ್ ತರಬೇಡಿ.

ಮೂರನೆಯದು ಪೆಟ್ರೋಲ್ ಪಂಪ್. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು ಮೂರು ಸೆಕೆಂಡ್ ‘ಝೂಂ’ ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪ್. ಸದ್ದು ಇದೆ, ಆದರೆ ತುಂಬ ಹೊತ್ತು ತಿರುಗಿದ ಮೇಲೆ ಹಿಡಿಯುತ್ತದೆ ಎನ್ನುವವರು ಸೆಲ್ಫ್ ಹೊಡೆಯದೆ ಕೀಯನ್ನು ಮೂರು ಸಲ ಆನ್-ಆಫ್ ಮಾಡಿ ಆಮೇಲೆ ಹೊಡೆಯಿರಿ. ಈಗ ತಟ್ಟನೆ ಹಿಡಿದರೆ ನಿಲ್ಲಿಸಿದಾಗ ಪ್ರೆಷರ್ ಇಳಿದುಹೋಗುತ್ತಿದೆ: ಪಂಪಿನ ವಾಲ್ವ್ ಅಥವಾ ತೊಟ್ಟಿಕ್ಕುವ ಇಂಜೆಕ್ಟರ್ (ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ನಳಿಕೆ). ಹೆಚ್ಚಿನ ಎಂಪಿಎಫ್‌ಐ (ಇಂಜೆಕ್ಟರ್ ಇರುವ) ಕಾರುಗಳಲ್ಲಿ ಸುಮಾರು 3 ಬಾರ್ ಪ್ರೆಷರ್ ಇರುತ್ತದೆ, ಇದನ್ನು ಗೇಜ್ ಇರುವ ಗ್ಯಾರೇಜಿನಲ್ಲೇ ಅಳೆಸಿ, ಪೈಪು ನೀವು ಬಿಚ್ಚಬೇಡಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಕೀ ಮುಟ್ಟದೆ ಮೊದಲು ಕೆಳಗೆ, ಪೈಪುಗಳಲ್ಲಿ ಸೋರಿಕೆ ನೋಡಿ. ಸೋರಿಕೆಯಿಲ್ಲದೆ, ಇಂಜಿನ್ ಬಿಸಿಯಿದ್ದಾಗ ಬರೀ ಸೈಲೆನ್ಸರಿನಿಂದ ವಾಸನೆ ಬರುತ್ತಿದ್ದರೆ ಬಾನೆಟ್ ತೆರೆದು ವಾಸನೆ ಹೋಗುವವರೆಗೆ ಕಾದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಹಾಗೆ ಎದ್ದರೆ ಕೂಲಂಟ್ ಟೆಂಪರೇಚರ್ ಸೆನ್ಸರ್ ಸುಳ್ಳು ಹೇಳುತ್ತಿರಬಹುದು.

ನಾಲ್ಕನೆಯದು ಸ್ಪಾರ್ಕ್. ಮಳೆಯಲ್ಲಿ ಮಾತ್ರ ಕೈಕೊಡುವ ಹಳೆ ಮಾರುತಿ 800, ಓಮ್ನಿ, ಝೆನ್‌ಗಳಲ್ಲಿ ಪ್ಲಗ್ ವೈರು ಮತ್ತು ಆ ವೈರುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ನೋಡಿ. ರಾತ್ರಿ ಕತ್ತಲಲ್ಲಿ ಇಂಜಿನ್ ಓಡುತ್ತಿರುವಾಗ ದೂರದಿಂದ ನೀರಿನ ಮಂಜು ಸಿಂಪಡಿಸಿದರೆ ಸೋರುವ ಕಡೆ ನೀಲಿ ಕಿಡಿ ಓಡುವುದು ಕಣ್ಣಿಗೇ ಕಾಣುತ್ತದೆ. ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಗ್ಯಾರೇಜ್ ಹುಡುಗರ ಪದ್ಧತಿ ನಿಮಗೆ ಬೇಡ.

ಸಿಎನ್‌ಜಿ ಕಾರಿನವರು ಇದನ್ನು ಬಿಡಬೇಡಿ

ಮುಂಬಯಿಯ ಹಳೆ ಕಾರುಗಳಲ್ಲಿ ಸಿಎನ್‌ಜಿ ಕಿಟ್ ಇರುವವು ಬಹಳ. ಬಹುಪಾಲು ಸೀಕ್ವೆನ್ಷಿಯಲ್ (ಒಂದೊಂದು ಸಿಲಿಂಡರಿಗೂ ಬೇರೆಯಾಗಿ ಗ್ಯಾಸ್ ಕೊಡುವ) ಕಿಟ್‌ಗಳಲ್ಲಿ ಗಾಡಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸಿಗೆ ಹೋಗುತ್ತದೆ. ಪೆಟ್ರೋಲ್ ಟ್ಯಾಂಕನ್ನು ರಿಸರ್ವ್‌ನಲ್ಲೇ ಇಟ್ಟು ತಿಂಗಳುಗಟ್ಟಲೆ ಓಡಿಸಿದರೆ ಇದ್ದ ಪೆಟ್ರೋಲ್ ಹಳಸುತ್ತದೆ, ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ತಣ್ಣಗಾಗಲು ಪೆಟ್ರೋಲ್ ಸಿಗದ ಪಂಪ್ ಸುಡುತ್ತದೆ. ಪರೀಕ್ಷೆಗೆ ಮೊದಲು ಕಾಲು ಟ್ಯಾಂಕ್ ಹೊಸ ಪೆಟ್ರೋಲ್ ಹಾಕಿ, ಎರಡು ದಿನ ಪೆಟ್ರೋಲಿನಲ್ಲೇ ಓಡಿಸಿ. ಗ್ಯಾಸನ್ನು ಹೊತ್ತಿಸಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಇಂಥ ಕಾರಿನಲ್ಲಿ ಪ್ಲಗ್ಗು, ಕಿಡಿಯ ವೋಲ್ಟೇಜ್ ಏರಿಸುವ ಕಾಯಿಲ್ಲು ಬೇಗ ಸೋಲುತ್ತವೆ, ಅವನ್ನೂ ನೋಡಿಸಿ.

ಹಂತ 8: ಗ್ಯಾರೇಜಿಗೆ ಹೋಗುವಾಗ, ಮತ್ತು ದುರಸ್ತಿಯಾದ ಮೇಲೆ

‘ಸೇಠ್, ಗಾಡಿ ತೋ ಠೀಕ್ ಹೈ’ ಎಂದು ಮೆಕ್ಯಾನಿಕ್ ಹೇಳಿದಾಗ ವಾದ ಮಾಡಬೇಡಿ, ವಿಡಿಯೋ ಮತ್ತು ಬರೆದಿಟ್ಟ ಅಂಕಿಗಳನ್ನು ತೋರಿಸಿ. ಬಲ್ಬ್ ಹೊತ್ತಿತ್ತು, ಇಂಜಿನ್ ತಿರುಗಲಿಲ್ಲ ಎಂದರೆ ಅನುಭವಿ ಮೆಕ್ಯಾನಿಕ್ ಅರ್ಧ ಕೆಲಸ ಮುಗಿಯಿತು ಎಂದುಕೊಳ್ಳುತ್ತಾನೆ. ಬಿಸಿಯಲ್ಲಿ ಮಾತ್ರ ಬರುವ ದೋಷವಾದರೆ ಗಾಡಿಯನ್ನು ಬಿಸಿ ಮಾಡಿಕೊಂಡೇ ಹೋಗಿ. ಬೆಳಿಗ್ಗೆ ಮಾತ್ರ ಬರುವುದಾದರೆ ರಾತ್ರಿ ಅಲ್ಲೇ ಬಿಟ್ಟು ಬನ್ನಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಲು ಹೇಳಿ, ತೆಗೆದ ಹಳೆ ಭಾಗವನ್ನು ಕೇಳಿ ಪಡೆಯಿರಿ.

ದುರಸ್ತಿಯಾದ ದಿನವೇ ಬಲ್ಬ್ ಬಿಚ್ಚಬೇಡಿ. ಮೊದಲು ಕೈಕೊಡುತ್ತಿದ್ದ ಅದೇ ಪರಿಸ್ಥಿತಿಯನ್ನು ಬೇಕೆಂದೇ ತನ್ನಿ: ಟ್ರಾಫಿಕ್ಕಿನಲ್ಲಿ ಓಡಿಸಿ ಬಂದು ಹದಿನೈದು ನಿಮಿಷ ನಿಲ್ಲಿಸಿ ಸ್ಟಾರ್ಟ್ ಮಾಡಿ, ನಾಲ್ಕು ದಿನ ನಿಲ್ಲಿಸಿ ಮಾಡಿ, ಜೋರು ಮಳೆಯ ಮರುದಿನ ಬೆಳಿಗ್ಗೆ ಮಾಡಿ. ಹಂತ 3ರ ಅಳತೆಗಳನ್ನೂ ಇನ್ನೊಮ್ಮೆ ತೆಗೆದು ಹಳೆಯವುಗಳ ಪಕ್ಕ ಬರೆಯಿರಿ. ಊರಿಗೆ ಹೊರಡುವುದು ಇದೆಲ್ಲ ಆದ ಮೇಲೆ, ಜಂಪರ್ ಕೇಬಲ್, ಒಂದು ಹೆಚ್ಚುವರಿ ರಿಲೇ ಮತ್ತು ಎರಡನೇ ಕೀ ಜೊತೆಗಿಟ್ಟುಕೊಂಡು.